ಪಾಲ್ ಸ್ಕೀನ್ಸ್ ಅವರನ್ನು ಮಾರಬೇಕೇ?

ಪ್ರಶ್ನೆ: ನಾನು ಪಿಟ್ಸ್‌ಬರ್ಗ್‌ನಲ್ಲಿ ನೆಲೆಸಿರುವ ಕನ್ನಡಿಗ. ಕ್ರಿಕೆಟ್ ನೋಡಿ ಬೆಳೆದವನು. ಇಲ್ಲೇ ಹುಟ್ಟಿ ಬೆಳೆದ ಮಗಳಿಂದಾಗಿ ಬೇಸ್‌ಬಾಲ್ ರುಚಿ ಹತ್ತಿತು. ಈಗ ಇಬ್ಬರೂ ಪೈರೇಟ್ಸ್ ತಂಡದ ಅಭಿಮಾನಿಗಳು. 2025ರಲ್ಲಿ ನಮ್ಮ ತಂಡ 71 ಪಂದ್ಯ ಗೆದ್ದು 91 ಸೋತಿತು. ಅದೇ ವರ್ಷ ನಮ್ಮ ಪಾಲ್ ಸ್ಕೀನ್ಸ್ ನ್ಯಾಷನಲ್ ಲೀಗ್‌ನ ಅತ್ಯುತ್ತಮ ಪಿಚರ್‌ಗೆ (ಚೆಂಡು ಎಸೆಯುವ ಆಟಗಾರನಿಗೆ) ಸಲ್ಲುವ ಸೈ ಯಂಗ್ ಪ್ರಶಸ್ತಿ ಪಡೆದರು. ಕಚೇರಿಯ ಗೆಳೆಯರಲ್ಲಿ ಎರಡು ಬಣಗಳಾಗಿವೆ. ಸ್ಕೀನ್ಸ್ ಅವರನ್ನು ದೊಡ್ಡ ತಂಡಕ್ಕೆ ಕೊಟ್ಟು, ನಾಲ್ಕೈದು ಎಳೆಯ ಆಟಗಾರರನ್ನು ಪಡೆದು ಹೊಸದಾಗಿ ತಂಡ ಕಟ್ಟಬೇಕು ಎಂಬುದು ಒಂದು ಬಣದ ವಾದ. ಇದ್ದವರನ್ನೇ ನೆಚ್ಚಿಕೊಂಡು ಈಗಲೇ ಪ್ಲೇಆಫ್‌ಗೆ ಹೊರಡಬೇಕು ಎಂಬುದು ಇನ್ನೊಂದರದು. ಮಾರಿದರೆ ಪಂದ್ಯ ನೋಡುವುದನ್ನೇ ಬಿಡುತ್ತೇನೆ ಎನ್ನುತ್ತಾಳೆ ಮಗಳು. ಯಾರ ಮಾತು ಸರಿ?

ಉತ್ತರ: ನನ್ನ ಮತ ನಿಮ್ಮ ಮಗಳಿಗೆ. ಸ್ಕೀನ್ಸ್ ಅವರನ್ನು ಈಗ ಮಾರುವುದು ತಪ್ಪು. ಎಂದೂ ಮಾರಬಾರದು ಎಂದು ಹೇಳಲಾರೆ. ಯಾವಾಗ ಮಾರಬಹುದು ಎಂಬುದಕ್ಕೂ ಲೆಕ್ಕವಿದೆ, ಅದಕ್ಕೆ ಮುಂದೆ ಬರುತ್ತೇನೆ.

ಹೊಸದಾಗಿ ಕಟ್ಟೋಣ ಎನ್ನುವವರು ಒಂದು ಸಂಗತಿಯನ್ನು ಮರೆತಿದ್ದಾರೆ. ಪೈರೇಟ್ಸ್ 2019ರ ಚಳಿಗಾಲದಿಂದ ಕಟ್ಟುತ್ತಲೇ ಇದೆ. ಆ ನವೆಂಬರ್‌ನಲ್ಲಿ ಆಟಗಾರರನ್ನು ತರುವ, ಬಿಡುವ ಹೊಣೆ ಹೊತ್ತ ಜನರಲ್ ಮ್ಯಾನೇಜರ್ ಆಗಿ ಬೆನ್ ಚೆರಿಂಗ್ಟನ್ ಬಂದರು. ಕೋವಿಡ್‌ನಿಂದ ಮೊಟಕಾದ 2020ರ ಋತುವಿನ 60 ಪಂದ್ಯಗಳಲ್ಲಿ ತಂಡ ಗೆದ್ದದ್ದು 19. 2021ರಲ್ಲಿ 101 ಸೋಲು, 2022ರಲ್ಲಿ 100 ಸೋಲು. ಆ ಸೋಲುಗಳಿಗೆಲ್ಲ ಪ್ರತಿಫಲವಾಗಿ ಬಂದವರೇ ಸ್ಕೀನ್ಸ್. ಅವರನ್ನೂ ಕೊಟ್ಟು ಮತ್ತೆ ಎಳೆಯರಿಗಾಗಿ ಕಾಯುವುದೆಂದರೆ, ತೆಂಗು ಫಲಕ್ಕೆ ಬಂದ ವರ್ಷವೇ ಮರ ಕಡಿದು ಅದೇ ಗುಂಡಿಯಲ್ಲಿ ಸಸಿ ನೆಟ್ಟಂತೆ.

ಕ್ರಿಕೆಟ್‌ನಿಂದ ಬಂದ ನಿಮಗೆ ಈ ಆಟದ ಹಣಕಾಸು ಬೇರೆಯೇ ಎಂಬುದನ್ನು ಮೊದಲು ಹೇಳಬೇಕು. ಐಪಿಎಲ್‌ನಲ್ಲಿ ಎಲ್ಲ ಫ್ರಾಂಚೈಸಿಗಳಿಗೂ ಹರಾಜಿನ ಹಣದ ಮಿತಿ ಒಂದೇ, 2025ರ ಋತುವಿಗೆ ಅದು 120 ಕೋಟಿ ರೂಪಾಯಿ. ಕೆಲವು ವರ್ಷಗಳಿಗೊಮ್ಮೆ ದೊಡ್ಡ ಹರಾಜು ನಡೆದು ಬಹುಪಾಲು ಆಟಗಾರರು ಮತ್ತೆ ಮಾರುಕಟ್ಟೆಗೆ ಬರುತ್ತಾರೆ. ಆರ್‌ಸಿಬಿ ಹದಿನೆಂಟನೆಯ ಋತುವಿನಲ್ಲಿ ಕಪ್ ಗೆದ್ದಿತು ಎನ್ನುವಾಗ, ಆ ಹದಿನೆಂಟು ವರ್ಷವೂ ಖರ್ಚಿನ ಮಿತಿಯಲ್ಲಿ ಅದು ಉಳಿದವರಿಗೆ ಸರಿಸಮನಾಗಿತ್ತು. ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಸಂಬಳಕ್ಕೆ ಅಂಥ ಗಟ್ಟಿ ಮಿತಿ ಇಲ್ಲ. ಒಂದು ಮೊತ್ತ ದಾಟಿದ ತಂಡ ಲೀಗ್‌ಗೆ ತೆರಿಗೆ ಕಟ್ಟಬೇಕು, ಅಷ್ಟೆ. ಲಾಸ್ ಏಂಜಲೀಸ್‌ನ ಡಾಡ್ಜರ್ಸ್ ಆಟಗಾರರ ಸಂಬಳಕ್ಕೆ ಸುರಿಯುವ ಹಣ ಪಿಟ್ಸ್‌ಬರ್ಗ್‌ನದಕ್ಕಿಂತ ಮೂರು ಪಟ್ಟಿಗೂ ಹೆಚ್ಚು. ಇನ್ನೊಂದು ಕಡೆ, ಎಷ್ಟು ಸೋತರೂ ತಂಡ ಕೆಳ ಲೀಗ್‌ಗೆ ಇಳಿಯುವುದಿಲ್ಲ. ಬದಲಿಗೆ, ಹೊಸ ಆಟಗಾರರನ್ನು ಆರಿಸಿಕೊಳ್ಳುವ ವಾರ್ಷಿಕ ಡ್ರಾಫ್ಟ್‌ನಲ್ಲಿ ಸೋತವರಿಗೇ ಮುಂದಿನ ಸ್ಥಾನ.

ಇದರ ಜೊತೆಗೆ ಸೇವಾವಧಿಯ ನಿಯಮವನ್ನು ಸೇರಿಸಿ ನೋಡಿ. ಆಟಗಾರ ಮೇಜರ್ ಲೀಗ್‌ನಲ್ಲಿ ಆರು ಪೂರ್ಣ ವರ್ಷ ಮುಗಿಸುವವರೆಗೆ ತಂಡದ ಹಿಡಿತದಲ್ಲೇ ಇರುತ್ತಾನೆ. ಮೊದಲ ಮೂರು ವರ್ಷ ಬಹುತೇಕ ಕನಿಷ್ಠ ಸಂಬಳ, 2025ರಲ್ಲಿ ಅದು 7,60,000 ಡಾಲರ್. ಮುಂದಿನ ಮೂರು ವರ್ಷ ಸಂಬಳದ ಬಗ್ಗೆ ಒಮ್ಮತ ಮೂಡದಿದ್ದರೆ ಮಧ್ಯಸ್ಥಗಾರರು ತೀರ್ಮಾನಿಸುತ್ತಾರೆ. ಆ ಬಳಿಕವೇ ಅವನು ಫ್ರೀ ಏಜೆಂಟ್, ಇಷ್ಟ ಬಂದ ತಂಡಕ್ಕೆ ಹೋಗಬಹುದು. ಸ್ಕೀನ್ಸ್ 2025ರಲ್ಲಿ ಫೀಲ್ಡರ್‌ಗಳ ತಪ್ಪಿನಿಂದ ಬಂದ ರನ್ ಬಿಟ್ಟರೆ, ಪ್ರತಿ ಒಂಬತ್ತು ಇನಿಂಗ್ಸ್‌ಗೆ ಸರಾಸರಿ 1.97 ರನ್ ಮಾತ್ರ ಬಿಟ್ಟುಕೊಟ್ಟರು. ಅದಕ್ಕೆ ಅವರಿಗೆ ಬಂದ ಸಂಬಳ 8,75,000 ಡಾಲರ್. ಅದೇ ಮಟ್ಟದ ಪಿಚರ್ ಫ್ರೀ ಏಜೆಂಟ್ ಆಗಿ ಸಿಗಬೇಕಾದರೆ ವರ್ಷಕ್ಕೆ ಮೂವತ್ತು ಮಿಲಿಯನ್ ಡಾಲರ್ ಮೀರಿ ಕೊಡಬೇಕು. ಸಣ್ಣ ಊರಿನ ತಂಡಕ್ಕೆ ಗೆಲ್ಲಲು ಇರುವ ಮುಖ್ಯ ದಾರಿ ಈ ಅಗ್ಗದ ವರ್ಷಗಳೇ. ಸೋತು ಸೋತು ಎಳೆಯರನ್ನು ಕೂಡಿಹಾಕುವ ತಂತ್ರ ಹುಟ್ಟಿದ್ದೂ ಇಲ್ಲಿಂದಲೇ.

ಆ ತಂತ್ರಕ್ಕೆ ಗೌರವ ತಂದುಕೊಟ್ಟ ತಂಡಗಳು ಎರಡು, ಹ್ಯೂಸ್ಟನ್ ಆಸ್ಟ್ರೋಸ್ ಮತ್ತು ಶಿಕಾಗೊ ಕಬ್ಸ್. ನಿಮ್ಮ ಕಚೇರಿಯ ಗೆಳೆಯರು ಇವೆರಡನ್ನೂ ಖಂಡಿತ ಎತ್ತಿ ಆಡುತ್ತಾರೆ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ಹ್ಯೂಸ್ಟನ್ 2011ರಲ್ಲಿ 106, 2012ರಲ್ಲಿ 107, 2013ರಲ್ಲಿ 111 ಪಂದ್ಯ ಸೋತಿತು. 2013ರ ಸೆಪ್ಟೆಂಬರ್‌ನ ಒಂದು ಭಾನುವಾರ ಹ್ಯೂಸ್ಟನ್ ನಗರದಲ್ಲಿ ಅವರ ಪಂದ್ಯದ ಟಿವಿ ರೇಟಿಂಗ್ 0.0 ಎಂದು ದಾಖಲಾಯಿತು. ನಾಲ್ಕು ವರ್ಷ ಕಳೆದ ಮೇಲೆ, 2017ರಲ್ಲಿ, ಅದೇ ತಂಡ ಲೀಗ್‌ನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದಿತು. ಕತೆ ಇಲ್ಲಿಗೇ ನಿಂತರೆ ಸೋಲು ಒಳ್ಳೆಯ ಬಂಡವಾಳ ಎನಿಸುತ್ತದೆ. ಒಳಹೊಕ್ಕು ನೋಡಿದರೆ ಲೆಕ್ಕ ಬೇರೆ. ಆ ಗೆಲುವಿನ ಬೆನ್ನೆಲುಬಾದ ಹೊಸೆ ಆಲ್ಟುವೆ, ಡಲ್ಲಾಸ್ ಕೈಕಲ್, ಜಾರ್ಜ್ ಸ್ಪ್ರಿಂಗರ್ ಮೂವರೂ ಜನರಲ್ ಮ್ಯಾನೇಜರ್ ಜೆಫ್ ಲುನೊ 2011ರ ಡಿಸೆಂಬರ್‌ನಲ್ಲಿ ಅಧಿಕಾರ ವಹಿಸಿಕೊಳ್ಳುವ ಮೊದಲೇ ಸಂಸ್ಥೆಯಲ್ಲಿದ್ದರು. ಸೋಲಿನಿಂದ ಗಳಿಸಿದ ಮೂರು ಮೊದಲ ಆಯ್ಕೆಗಳಲ್ಲಿ ಕಾರ್ಲೋಸ್ ಕೊರಿಯ ಒಬ್ಬರೇ ನಿರೀಕ್ಷೆಯಂತೆ ಬೆಳೆದದ್ದು. 2013ರಲ್ಲಿ ಆರಿಸಿದ ಮಾರ್ಕ್ ಅಪೆಲ್ ಹ್ಯೂಸ್ಟನ್ ಪರ ಮೇಜರ್ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. 2014ರಲ್ಲಿ ಆರಿಸಿದ ಬ್ರೇಡಿ ಏಕನ್ ಜೊತೆ ಒಪ್ಪಂದವೇ ಆಗಲಿಲ್ಲ. ಅದಕ್ಕೆ ಪರಿಹಾರವಾಗಿ ಮರುವರ್ಷ ಸಿಕ್ಕ ಆಯ್ಕೆಯಲ್ಲಿ ಅಲೆಕ್ಸ್ ಬ್ರೆಗ್ಮನ್ ಬಂದದ್ದು ಅದೃಷ್ಟ. ಎಲ್ಲಕ್ಕಿಂತ ಮುಖ್ಯವಾಗಿ, 2017ರ ಆಗಸ್ಟ್ ಕೊನೆಯ ದಿನ ಆ ತಂಡ ಎಳೆಯರನ್ನು ಕೊಟ್ಟು ದುಬಾರಿ ಸಂಬಳದ ಜಸ್ಟಿನ್ ವರ್ಲ್ಯಾಂಡರ್ ಅವರನ್ನು ತಂದಿತು. ಯಾವ ಎಸೆತ ಎಂದು ತಿಳಿಸುವ ಎದುರಾಳಿಗಳ ಸಂಜ್ಞೆಗಳನ್ನು ಕ್ಯಾಮೆರಾದಿಂದ ಕದ್ದ ಹಗರಣ 2019ರಲ್ಲಿ ಬಯಲಾಗಿ ಆ ಕಪ್‌ಗೆ ಕಳಂಕ ತಟ್ಟಿತು. ಆ ಕಳಂಕ ಸಣ್ಣದೆಂದು ನಾನು ಎಂದೂ ಭಾವಿಸಿಲ್ಲ.

ಶಿಕಾಗೊದ ಪಾಠ ಇನ್ನೂ ಸ್ಪಷ್ಟ. ತಂಡ ಕಟ್ಟುವ ಮುಖ್ಯಸ್ಥರಾಗಿ ಥಿಯೊ ಎಪ್ಸ್ಟೀನ್ ಬಂದ ಮೊದಲ ವರ್ಷ, 2012ರಲ್ಲಿ, 101 ಸೋಲು. 2016ರಲ್ಲಿ ವರ್ಲ್ಡ್ ಸೀರೀಸ್, 1908ರ ನಂತರ ಮೊದಲನೆಯದು. ಕ್ರಿಸ್ ಬ್ರಯಂಟ್, ಕೈಲ್ ಶ್ವಾರ್ಬರ್ ಡ್ರಾಫ್ಟ್‌ನಿಂದ ಬಂದರು, ನಿಜ. ಆಂಥನಿ ರಿಝೊ, ಜೇಕ್ ಅರಿಯೆಟ, ಕೈಲ್ ಹೆಂಡ್ರಿಕ್ಸ್ ಚತುರ ವಿನಿಮಯಗಳಿಂದ ಬಂದರು. ಎಳೆಯರು ಕೈಗೆ ಬರುತ್ತಿದ್ದಂತೆ ಮಾಲೀಕರು ಹಣದ ಚೀಲ ಬಿಚ್ಚಿದರು. 2014ರ ಡಿಸೆಂಬರ್‌ನಲ್ಲಿ ಜಾನ್ ಲೆಸ್ಟರ್‌ಗೆ ಆರು ವರ್ಷಕ್ಕೆ 155 ಮಿಲಿಯನ್ ಡಾಲರ್ ಕೊಟ್ಟರು. ಮರುವರ್ಷ ಬೆನ್ ಝೋಬ್ರಿಸ್ಟ್‌ಗೆ ನಾಲ್ಕು ವರ್ಷಕ್ಕೆ 56 ಮಿಲಿಯನ್. ಆ ವರ್ಲ್ಡ್ ಸೀರೀಸ್‌ನ ಶ್ರೇಷ್ಠ ಆಟಗಾರ ಝೋಬ್ರಿಸ್ಟ್. ತಂಡ ಕಟ್ಟುವುದರಲ್ಲಿ ಎರಡು ಹಂತಗಳಿವೆ. ಸೋಲುವ ಹಂತಕ್ಕೆ ಖರ್ಚು ಕಡಿಮೆ, ಯಾವ ಮಾಲೀಕನಾದರೂ ಖುಷಿಯಿಂದ ಒಪ್ಪುತ್ತಾನೆ. ಪಿಟ್ಸ್‌ಬರ್ಗ್ ಆ ಹಂತವನ್ನು ಪೂರ್ತಿ ಮುಗಿಸಿದೆ. ಖರ್ಚು ಮಾಡುವ ಎರಡನೆಯ ಹಂತಕ್ಕೆ 2025ರ ಋತು ಮುಗಿಯುವವರೆಗೂ ಕಾಲಿಟ್ಟಿರಲಿಲ್ಲ.

ಸೋಲಿನ ಬೆಲೆಯೂ ಈಗ ಮೊದಲಿನಂತಿಲ್ಲ. ಹಿಂದೆ ಎಲ್ಲರಿಗಿಂತ ಹೆಚ್ಚು ಸೋತ ತಂಡಕ್ಕೆ ಮೊದಲ ಆಯ್ಕೆ ತಾನಾಗಿ ಸಿಗುತ್ತಿತ್ತು. 2023ರ ಡ್ರಾಫ್ಟ್‌ನಿಂದ ಮೊದಲ ಆರು ಸ್ಥಾನಗಳಿಗೆ ಲಾಟರಿ ಬಂದಿದೆ. ಅತಿ ಕೆಟ್ಟ ಮೂರು ತಂಡಗಳಿಗೂ ಮೊದಲ ಸ್ಥಾನದ ಸಾಧ್ಯತೆ ಸಮಾನ, ತಲಾ ಶೇ. 16.5. ಸ್ಕೀನ್ಸ್ ನಿಮಗೆ ಸಿಕ್ಕಿದ್ದು ಈ ಮೊದಲ ಲಾಟರಿಯಿಂದಲೇ. ಹಳೆಯ ನಿಯಮವೇ ಇದ್ದಿದ್ದರೆ ಆ ವರ್ಷ ಮೊದಲ ಆಯ್ಕೆ 107 ಸೋಲು ಕಂಡ ವಾಷಿಂಗ್ಟನ್‌ನದಾಗುತ್ತಿತ್ತು. ಸತತವಾಗಿ ಲಾಟರಿ ಸ್ಥಾನ ಪಡೆಯುವುದಕ್ಕೂ ಈಗ ತಡೆ ಇದೆ. ಶಿಕಾಗೊ ವೈಟ್ ಸಾಕ್ಸ್ 2024ರಲ್ಲಿ 121 ಪಂದ್ಯ ಸೋತು ಆಧುನಿಕ ಯುಗದ ದಾಖಲೆ ಬರೆಯಿತು, ಆದರೂ 2025ರ ಡ್ರಾಫ್ಟ್‌ನಲ್ಲಿ ಅದಕ್ಕೆ ದೊರೆತದ್ದು ಹತ್ತನೆಯ ಸ್ಥಾನ. ಇನ್ನು ಮೊದಲ ಆಯ್ಕೆ ಎಂದರೆ ಸ್ಕೀನ್ಸ್ ಎಂದೇ ಅರ್ಥವಲ್ಲ. 2021ರಲ್ಲೂ ಪೈರೇಟ್ಸ್‌ಗೇ ಮೊದಲ ಆಯ್ಕೆ ಇತ್ತು. ಆಗ ಆರಿಸಿದ ಕ್ಯಾಚರ್ ಹೆನ್ರಿ ಡೇವಿಸ್ ಬ್ಯಾಟಿಂಗ್‌ನಲ್ಲಿ ಇನ್ನೂ ಆ ನಿರೀಕ್ಷೆಯ ಹತ್ತಿರಕ್ಕೂ ಬಂದಿಲ್ಲ.

ದೊಡ್ಡ ತಾರೆಯನ್ನು ಮಾರಿದರೆ ತಂಡ ತುಂಬಿಕೊಳ್ಳುತ್ತದೆ ಎಂಬ ನಂಬಿಕೆಗೆ ತೀರ ಇತ್ತೀಚಿನ ಪರೀಕ್ಷೆ ವಾಷಿಂಗ್ಟನ್‌ನಲ್ಲೇ ನಡೆಯಿತು. 2022ರ ಆಗಸ್ಟ್‌ನಲ್ಲಿ ನ್ಯಾಷನಲ್ಸ್ ತಂಡ ಹ್ವಾನ್ ಸೋಟೊ ಅವರನ್ನು ಸ್ಯಾನ್ ಡಿಯಾಗೊಗೆ ಕೊಟ್ಟಿತು. ಸೋಟೊ ಮೇಲೆ ತಂಡದ ಹಿಡಿತ ಆಗ ಇನ್ನೂ ಸುಮಾರು ಎರಡೂವರೆ ಋತು ಬಾಕಿ ಇತ್ತು. ಪ್ರತಿಯಾಗಿ ಬಂದವರಲ್ಲಿ ಸಿ.ಜೆ. ಏಬ್ರಮ್ಸ್, ಮೆಕೆಂಝಿ ಗೋರ್, ಜೇಮ್ಸ್ ವುಡ್ ಇದ್ದರು. ಮೂವರೂ ಮುಂದೆ ಆಲ್ ಸ್ಟಾರ್ ಆದರು, ಅಂದರೆ ವರ್ಷದ ತಾರೆಯರ ಪಂದ್ಯಕ್ಕೆ ಆಯ್ಕೆಯಾದರು. ಅಂಥ ವಿನಿಮಯದಲ್ಲಿ ಇದಕ್ಕಿಂತ ಒಳ್ಳೆಯ ಫಲ ಸಿಗುವುದು ಅಪರೂಪ. ಹಾಗಿದ್ದೂ 2025ರಲ್ಲಿ ವಾಷಿಂಗ್ಟನ್ 96 ಪಂದ್ಯ ಸೋತು, ಋತುವಿನ ಮಧ್ಯದಲ್ಲೇ ಜನರಲ್ ಮ್ಯಾನೇಜರ್ ಮತ್ತು ಮೈದಾನದಲ್ಲಿ ತಂಡ ನಡೆಸುವ ಮ್ಯಾನೇಜರ್ ಇಬ್ಬರನ್ನೂ ಮನೆಗೆ ಕಳುಹಿಸಿತು. ಮೂವರು ಒಳ್ಳೆಯ ಆಟಗಾರರು ಬಂದರೂ ಸುತ್ತ ಉಳಿದವರನ್ನು ಯಾರೂ ತರದಿದ್ದರೆ ಆಗುವುದು ಇಷ್ಟೇ. ಬಾಲ್ಟಿಮೋರ್‌ನ ಕತೆಯೂ ಸುಮಾರಾಗಿ ಹೀಗೆಯೇ: 2018ರಿಂದ 2021ರೊಳಗೆ ಮೂರು ಸಲ ನೂರಕ್ಕೂ ಹೆಚ್ಚು ಸೋಲು, 2023ರಲ್ಲಿ 101 ಗೆಲುವು, ಆ ವರ್ಷವೂ ಮರುವರ್ಷವೂ ಪ್ಲೇಆಫ್‌ನಲ್ಲಿ ಒಂದು ಪಂದ್ಯವನ್ನೂ ಗೆಲ್ಲದೆ ನಿರ್ಗಮನ, 2025ರಲ್ಲಿ ಮತ್ತೆ 75 ಗೆಲುವಿಗೆ ಕುಸಿತ.

ಹಾಗಾದರೆ ಈಗಲೇ ಹೊರಡುವುದು ಎಷ್ಟು ಕಷ್ಟ? ನಿಮ್ಮ ಗೆಳೆಯರು ಅಂದುಕೊಂಡಷ್ಟಿಲ್ಲ. 2022ರಿಂದ ನ್ಯಾಷನಲ್, ಅಮೆರಿಕನ್ ಎಂಬ ಎರಡು ಲೀಗ್‌ಗಳಿಂದ ತಲಾ ಆರು ತಂಡಗಳು ಪ್ಲೇಆಫ್‌ಗೆ ಹೋಗುತ್ತವೆ. ಹೊಸ್ತಿಲು ತಗ್ಗಿದೆ. ನಿಮ್ಮದೇ ವಿಭಾಗದ ಸಿನ್ಸಿನಾಟಿ 2025ರಲ್ಲಿ ಬರೀ 83 ಗೆಲುವಿನಿಂದ ಒಳಗೆ ಹೋಯಿತು. ಅರಿಝೋನ 2021ರಲ್ಲಿ 110 ಸೋತು, 2023ರಲ್ಲಿ 84 ಗೆಲುವಿನೊಂದಿಗೆ ಪ್ಲೇಆಫ್‌ಗೆ ಕಾಲಿಟ್ಟು ವರ್ಲ್ಡ್ ಸೀರೀಸ್‌ವರೆಗೆ ಸಾಗಿತು. ನನಗೆ ಎಲ್ಲಕ್ಕಿಂತ ಇಷ್ಟವಾದ ಉದಾಹರಣೆ ಕ್ಯಾನ್ಸಸ್ ಸಿಟಿ. ಅದೂ ಸಣ್ಣ ಊರು. 2023ರಲ್ಲಿ 106 ಸೋಲು. ಆ ಚಳಿಗಾಲ ಅವರು ತಾರೆ ಬಾಬಿ ವಿಟ್ ಜೂನಿಯರ್ ಅವರನ್ನು ಮಾರಲಿಲ್ಲ. ಹನ್ನೊಂದು ವರ್ಷಕ್ಕೆ 288 ಮಿಲಿಯನ್ ಡಾಲರ್ ಮೀರಿದ ಒಪ್ಪಂದ ಮಾಡಿಕೊಂಡರು. ಸೆತ್ ಲೂಗೊ, ಮೈಕಲ್ ವಾಕಾ ಎಂಬ ಇಬ್ಬರು ಅನುಭವಿ ಪಿಚರ್‌ಗಳಿಗೆ ಮಾರುಕಟ್ಟೆಯ ದರ ಕೊಟ್ಟು ಕರೆತಂದರು. 2024ರಲ್ಲಿ 86 ಗೆಲುವು, ಪ್ಲೇಆಫ್, ಮೊದಲ ಸುತ್ತಿನಲ್ಲಿ ಬಾಲ್ಟಿಮೋರ್ ವಿರುದ್ಧ ಜಯ.

ಪೈರೇಟ್ಸ್‌ಗೆ 71ರಿಂದ 83ಕ್ಕೆ ಏರಲು ಬೇಕಾದದ್ದು ಹನ್ನೆರಡು ಗೆಲುವು. 2025ರಲ್ಲಿ ತಂಡ ಮೊದಲ 38 ಪಂದ್ಯಗಳಲ್ಲಿ 26 ಸೋತು ಮ್ಯಾನೇಜರ್ ಡೆರೆಕ್ ಶೆಲ್ಟನ್ ಅವರನ್ನು ತೆಗೆಯಿತು. ಪಿಟ್ಸ್‌ಬರ್ಗ್‌ನವರೇ ಆದ ಡಾನ್ ಕೆಲಿ ಬಂದ ಮೇಲೆ 59 ಗೆಲುವು, 65 ಸೋಲು. ಅದು ಕೆಟ್ಟ ತಂಡದ ಲೆಕ್ಕವಲ್ಲ, ಸಾಧಾರಣ ತಂಡದ್ದು. ಪಿಚಿಂಗ್ ಅಂತೂ ಉತ್ತಮವೇ ಇತ್ತು. ಕೊರತೆ ಬ್ಯಾಟಿನಲ್ಲಿ. ಮೂವತ್ತು ತಂಡಗಳಲ್ಲಿ ಅತಿ ಕಡಿಮೆ ರನ್ ಗಳಿಸಿದ್ದು, ಅತಿ ಕಡಿಮೆ ಹೋಮ್ ರನ್ ಹೊಡೆದದ್ದು ಪೈರೇಟ್ಸ್. ಸ್ಕೀನ್ಸ್ 1.97ರ ಸರಾಸರಿ ಇಟ್ಟುಕೊಂಡೂ ಅವರ ಹೆಸರಿನಲ್ಲಿ ದಾಖಲಾದದ್ದು ಹತ್ತು ಗೆಲುವು, ಹತ್ತು ಸೋಲು. ಇದನ್ನು ನೋಡಿ ನನಗೆ ಸಿಟ್ಟು ಬರುತ್ತದೆ. ಒಬ್ಬ ಪಿಚರ್ ತನ್ನ ಪಾಲಿನ ಕೆಲಸವನ್ನು ಇದಕ್ಕಿಂತ ಚೆನ್ನಾಗಿ ಮಾಡುವುದು ಸಾಧ್ಯವೇ ಇಲ್ಲ.

ಬ್ಯಾಟರ್‌ಗಳನ್ನು ಕೊಳ್ಳಬಹುದು. 2025ರ ಋತು ಮುಗಿಯುವವರೆಗೂ ಪೈರೇಟ್ಸ್ ಕೊಳ್ಳಲಿಲ್ಲ. ಸಂಸ್ಥೆಯ ಇತಿಹಾಸದಲ್ಲಿ ಫ್ರೀ ಏಜೆಂಟ್ ಒಬ್ಬರಿಗೆ ಕೊಟ್ಟ ದೊಡ್ಡ ಒಪ್ಪಂದ 2014ರಲ್ಲಿ ಫ್ರಾನ್ಸಿಸ್ಕೊ ಲಿರಿಯಾನೊಗೆ ಮೂರು ವರ್ಷಕ್ಕೆ ಕೊಟ್ಟ 39 ಮಿಲಿಯನ್ ಡಾಲರ್. 2016ರ ಡಿಸೆಂಬರ್‌ನಲ್ಲಿ ಇವಾನ್ ನೋವಾ ಜೊತೆ ಮಾಡಿಕೊಂಡ ಮೂರು ವರ್ಷದ ಒಪ್ಪಂದದ ನಂತರ, 2025ರ ಋತು ಮುಗಿಯುವವರೆಗೂ ಯಾವ ಫ್ರೀ ಏಜೆಂಟ್‌ಗೂ ಒಂದು ವರ್ಷಕ್ಕಿಂತ ಹೆಚ್ಚಿನ ಒಪ್ಪಂದ ಕೊಡಲಿಲ್ಲ. ಬ್ರಯನ್ ರೆನಾಲ್ಡ್ಸ್, ಮಿಚ್ ಕೆಲರ್ ಅವರಂಥ ತಮ್ಮದೇ ಆಟಗಾರರಿಗೆ ದೀರ್ಘ ಒಪ್ಪಂದ ಕೊಟ್ಟದ್ದು ಮೆಚ್ಚಬೇಕಾದದ್ದೇ. ಆದರೂ ಹೊರಗಿನಿಂದ ಬ್ಯಾಟ್ ತರದೆ ಲೀಗ್‌ನ ತಳದಲ್ಲಿರುವ ಬ್ಯಾಟಿಂಗ್ ಮೇಲೇಳುವುದಿಲ್ಲ. ಈ ತಂಡಕ್ಕೆ ಕಲ್ಪನೆಯ ಬಡತನ ಎಂದೂ ಇರಲಿಲ್ಲ. 2008ರಲ್ಲಿ ಭಾರತದ ರಿಂಕು ಸಿಂಗ್, ದಿನೇಶ್ ಪಟೇಲ್ ಎಂಬ ಇಬ್ಬರು ಜಾವೆಲಿನ್ ಎಸೆತಗಾರರಿಗೆ ಪಿಚಿಂಗ್ ಕಲಿಸಲು ಒಪ್ಪಂದ ಕೊಟ್ಟದ್ದು ಇದೇ ಪೈರೇಟ್ಸ್. ಪ್ರತಿಭೆಯನ್ನು ಅಗ್ಗವಾಗಿ ಹುಡುಕುವ ಉತ್ಸಾಹ ಇದೆ. ಸಿಕ್ಕಿದ ಮೇಲೆ ಅದರ ಸುತ್ತ ಖರ್ಚು ಮಾಡುವ ಧೈರ್ಯ ಇಲ್ಲ. 2025ರಲ್ಲಿ ತವರು ಮೈದಾನವಾದ ಪಿಎನ್‌ಸಿ ಪಾರ್ಕ್‌ನಲ್ಲಿ ಜನ ‘ತಂಡವನ್ನು ಮಾರಿ’ ಎಂದು ಮಾಲೀಕರತ್ತ ಕೂಗಿದ್ದು ಇದಕ್ಕಾಗಿಯೇ. ಅವರ ಕೂಗಿನಲ್ಲಿ ನ್ಯಾಯವಿದೆ.

ಎದುರು ಬಣದ ಅತ್ಯಂತ ಗಟ್ಟಿ ವಾದವನ್ನೂ ಹೇಳಬೇಕು, ಅದು ಮಿಲ್ವಾಕಿ. ಲೀಗ್‌ನ ಅತಿ ಸಣ್ಣ ಮಾರುಕಟ್ಟೆ, ತಾರೆಯರನ್ನು ಸರಿಯಾದ ಸಮಯಕ್ಕೆ ಮಾರುವುದೇ ಅವರ ಕ್ರಮ. 2022ರಲ್ಲಿ ತಂಡ ವಿಭಾಗದಲ್ಲಿ ಮುಂದಿದ್ದಾಗಲೇ ಜಾಶ್ ಹೇಡರ್ ಅವರನ್ನು ಕೊಟ್ಟರು, ಆ ವರ್ಷ ಪ್ಲೇಆಫ್ ತಪ್ಪಿತು, ಅಭಿಮಾನಿಗಳು ಕೆಂಡವಾದರು. ಮುಂದೆ 2024ರಲ್ಲಿ ಕಾರ್ಬಿನ್ ಬರ್ನ್ಸ್ ಅವರನ್ನೂ ಕೊಟ್ಟರು. ಆದರೂ 2018ರಿಂದ 2025ರವರೆಗಿನ ಎಂಟು ಋತುಗಳಲ್ಲಿ ಏಳು ಸಲ ಪ್ಲೇಆಫ್, 2025ರಲ್ಲಿ 97 ಗೆಲುವು, ಇಡೀ ಲೀಗ್‌ಗೆ ಮೊದಲು. ಇದನ್ನು ನೋಡಿ ಸ್ಕೀನ್ಸ್ ಅವರನ್ನೂ ಮಾರಿ ಎನ್ನುವವರು ಎರಡು ಅಂಶಗಳನ್ನು ಗಮನಿಸಬೇಕು. ಬರ್ನ್ಸ್ ಹೋದಾಗ ಅವರ ಒಪ್ಪಂದದಲ್ಲಿ ಉಳಿದಿದ್ದದ್ದು ಒಂದೇ ವರ್ಷ, ಹೇಡರ್‌ಗೆ ಒಂದೂವರೆ. ಸ್ಕೀನ್ಸ್‌ಗೆ 2025ರ ನಂತರ ನಾಲ್ಕು ವರ್ಷ ಬಾಕಿ ಇದೆ. ಎರಡನೆಯದು, ಈ ಎಂಟು ಋತುಗಳಲ್ಲಿ ಮಿಲ್ವಾಕಿ ಸೋಲಲೆಂದು ಮಾರಿಲ್ಲ. ಅದೇ ವರ್ಷ, ಅದೇ ಮೈದಾನದಲ್ಲಿ ಗೆಲ್ಲಬೇಕೆಂಬ ಗುರಿ ಇಟ್ಟುಕೊಂಡೇ ಮಾರಿದೆ. ಹೊಸದಾಗಿ ಕಟ್ಟುವ ನೆಪದಲ್ಲಿ ಐದು ವರ್ಷ ಕೈಚೆಲ್ಲಿ ಕುಳಿತಿಲ್ಲ.

ಅರೆಮನಸ್ಸಿನಿಂದ ಹೊರಡುವುದರ ಅಪಾಯ ಪಿಟ್ಸ್‌ಬರ್ಗ್‌ಗೆ ಚೆನ್ನಾಗಿ ಗೊತ್ತು. 1993ರಿಂದ ಸತತ ಇಪ್ಪತ್ತು ವರ್ಷ ಗೆಲುವಿಗಿಂತ ಸೋಲೇ ಹೆಚ್ಚು. 2013ರಲ್ಲಿ ಆ ಸರಣಿ ಮುರಿದು ಮೂರು ವರ್ಷ ಪ್ಲೇಆಫ್. 2015ರಲ್ಲಿ 98 ಪಂದ್ಯ ಗೆದ್ದೂ, ವಿಭಾಗ ಗೆಲ್ಲದ ತಂಡಗಳಿಗಿದ್ದ ವೈಲ್ಡ್ ಕಾರ್ಡ್‌ನ ಒಂದೇ ಪಂದ್ಯದಲ್ಲಿ ಶಿಕಾಗೊ ಕಬ್ಸ್‌ನ ಅರಿಯೆಟ ಎದುರು ಸೋತು ಮನೆಗೆ. ಆ ತಂಡದ ಮೇಲೆ ಇನ್ನಷ್ಟು ಹಣ ಹಾಕಬೇಕಿತ್ತು, ಹಾಕಲಿಲ್ಲ. 2018ರ ಜನವರಿಯಲ್ಲಿ ಗೆರಿಟ್ ಕೋಲ್ ಮತ್ತು ಆಂಡ್ರೂ ಮೆಕಚನ್ ಇಬ್ಬರನ್ನೂ ಮಾರಿದರು. ಅದೇ ಜುಲೈನಲ್ಲಿ ಸತತ ಹನ್ನೊಂದು ಪಂದ್ಯ ಗೆದ್ದ ಹುರುಪಿನಲ್ಲಿ ಟೈಲರ್ ಗ್ಲಾಸ್‌ನೌ, ಆಸ್ಟಿನ್ ಮೆಡೋಸ್, ಶೇನ್ ಬಾಝ್ ಮೂವರನ್ನು ಟ್ಯಾಂಪಾಗೆ ಕೊಟ್ಟು ಕ್ರಿಸ್ ಆರ್ಚರ್ ಅವರನ್ನು ತಂದರು. ಆರು ತಿಂಗಳ ಅಂತರದಲ್ಲಿ ಒಮ್ಮೆ ಮಾರಾಟಗಾರ, ಇನ್ನೊಮ್ಮೆ ಖರೀದಿದಾರ. ಆರ್ಚರ್ ನಿರೀಕ್ಷೆಯಂತೆ ಆಡಲಿಲ್ಲ, ಗ್ಲಾಸ್‌ನೌ ಬೇರೆ ಕಡೆ ಶ್ರೇಷ್ಠ ಪಿಚರ್ ಆದರು. ಈಗಲೇ ಹೊರಡೋಣ ಎನ್ನುವ ನಿಮ್ಮ ಗೆಳೆಯರಿಗೆ ಈ ಎಚ್ಚರಿಕೆ: ಎಳೆಯರನ್ನು ಕೊಟ್ಟು ಒಬ್ಬ ಹೆಸರಾಂತ ಆಟಗಾರನನ್ನು ತರುವುದಕ್ಕಿಂತ, ಹಣ ಕೊಟ್ಟು ಇಬ್ಬರು ಗಟ್ಟಿ ಬ್ಯಾಟರ್‌ಗಳನ್ನು ತರುವುದು ಮೇಲು. ವಿಶೇಷವಾಗಿ ಕಾನರ್ ಗ್ರಿಫಿನ್ ಅವರನ್ನು ಯಾವ ಕಾರಣಕ್ಕೂ ಬಿಡಬಾರದು. 2006ರಲ್ಲಿ ಹುಟ್ಟಿದ ಈ ಹುಡುಗ 2024ರ ಡ್ರಾಫ್ಟ್‌ನಲ್ಲಿ ಒಂಬತ್ತನೆಯವನಾಗಿ ಬಂದು, ಒಂದೇ ವರ್ಷದಲ್ಲಿ ಎಳೆಯರು ಪಳಗುವ ಕೆಳಹಂತದ ಮೈನರ್ ಲೀಗ್‌ಗಳ ಅತ್ಯಂತ ಭರವಸೆಯ ಬ್ಯಾಟರ್ ಎನಿಸಿಕೊಂಡಿದ್ದಾನೆ.

ಇನ್ನು ಮಾರುವ ಸಮಯದ ಲೆಕ್ಕ. 2024ರಲ್ಲಿ ಸ್ಕೀನ್ಸ್ ಮೇ ತಿಂಗಳಲ್ಲಿ ಬಂದರೂ ವರ್ಷದ ಶ್ರೇಷ್ಠ ಹೊಸ ಆಟಗಾರ ಪ್ರಶಸ್ತಿ ಗೆದ್ದ ಕಾರಣ ಪೂರ್ಣ ವರ್ಷದ ಸೇವೆ ದಕ್ಕಿತು. ಆದ್ದರಿಂದ ಅವರು 2029ರ ಋತು ಮುಗಿದ ಮೇಲೆ ಫ್ರೀ ಏಜೆಂಟ್. 2026 ಅಗ್ಗದ ಕೊನೆಯ ವರ್ಷ, 2027ರಿಂದ ಸಂಬಳ ಜಿಗಿಯುತ್ತದೆ. ಆಟಗಾರರ ಸಂಘ ಮತ್ತು ಮಾಲೀಕರ ನಡುವಿನ ಸಾಮೂಹಿಕ ಒಪ್ಪಂದ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತದೆ, ಮಾತುಕತೆ ಕೆಟ್ಟರೆ 2027ರ ಪಂದ್ಯಗಳಿಗೆ ಕತ್ತರಿ ಬೀಳಬಹುದು. ಪಿಚರ್‌ನ ಮೊಣಕೈಗೆ ಯಾವ ಭರವಸೆಯೂ ಇಲ್ಲ. ನಿಮ್ಮದೇ ಜೇರೆಡ್ ಜೋನ್ಸ್ ಮೊಣಕೈ ಶಸ್ತ್ರಚಿಕಿತ್ಸೆಯಿಂದ 2025ರ ಇಡೀ ಋತು ಕಳೆದುಕೊಂಡರು. ಈ ಮೂರೂ ಸೇರಿ ಹೇಳುವುದೆಂದರೆ, 2026 ಕಾಯುವ ವರ್ಷವಲ್ಲ. ದೀರ್ಘ ಒಪ್ಪಂದಕ್ಕೆ ಸ್ಕೀನ್ಸ್ ಒಪ್ಪದೆ, ತಂಡವೂ ಮೇಲೇಳದೆ ಉಳಿದರೆ 2027ರ ಋತುವಿನ ನಂತರದ ಚಳಿಗಾಲದಲ್ಲಿ ಮಾರುವುದನ್ನು ನಾನು ಒಪ್ಪುತ್ತೇನೆ. ಆಗಲೂ ಎರಡು ವರ್ಷ ಬಾಕಿ ಇರುತ್ತದೆ, ಬೆಲೆ ಬಿದ್ದಿರುವುದಿಲ್ಲ.

ಅಲ್ಲಿಯವರೆಗೆ ನೀವು ನೋಡಬೇಕಾದದ್ದು ಗೆಲುವು ಸೋಲಿನ ಪಟ್ಟಿಗಿಂತ ಮೊದಲು ಬ್ಯಾಟಿಂಗ್ ಸಾಲನ್ನು. ಹೊರಗಿನಿಂದ ಬಂದವರು ಎಷ್ಟು ಜನ, ಅವರಿಗೆ ಒಂದೇ ವರ್ಷದ ಒಪ್ಪಂದವೋ ಎರಡು ಮೂರು ವರ್ಷದ್ದೋ, ಗ್ರಿಫಿನ್ ಸಿದ್ಧನಾದ ದಿನ ಮೇಲಕ್ಕೆ ಕರೆದರೋ ಅಥವಾ ಸೇವಾವಧಿಯ ದಿನ ಎಣಿಸುತ್ತ ಕೆಳಗೇ ಕೂರಿಸಿದರೋ, ಜುಲೈ ಕೊನೆಯಲ್ಲಿ ವಿನಿಮಯದ ಗಡುವು ಬಂದಾಗ ತಂಡ ಐದಾರು ಪಂದ್ಯ ಹಿಂದಿದ್ದರೂ ಯಾರನ್ನಾದರೂ ತಂದರೋ. ನಿಮ್ಮ ಕಚೇರಿಯಲ್ಲಿ ಮಾರಿ ಎನ್ನುವವರನ್ನು ನಾಳೆ ಕೇಳಿ ನೋಡಿ: ಸ್ಕೀನ್ಸ್ ಹೋಗಿ ನಾಲ್ವರು ಎಳೆಯರು ಬಂದರು ಎಂದುಕೊಳ್ಳೋಣ, ಅವರು ಬೆಳೆದು ನಿಂತ ದಿನ ಅವರ ಸುತ್ತ ಖರ್ಚು ಮಾಡಲು ಇದೇ ಮಾಲೀಕರು ಒಪ್ಪುತ್ತಾರೆಯೇ? ಒಪ್ಪುತ್ತಾರೆ ಎನ್ನುವುದಾದರೆ ಆ ಖರ್ಚನ್ನು ಈಗಲೇ, ಸ್ಕೀನ್ಸ್ ಇರುವಾಗಲೇ ಮಾಡಲಿ. ಒಪ್ಪುವುದಿಲ್ಲ ಎನ್ನುವುದಾದರೆ ಆ ನಾಲ್ವರೂ 2030ರ ಹೊತ್ತಿಗೆ ಬೇರೆ ಊರಿನ ಅಂಗಿ ತೊಟ್ಟಿರುತ್ತಾರೆ.